ಅಲ್ಲಾಡಬೇಡಿ

ಹನ್ನೊಂದೂವರೆಗೆ, ಬದುಕಿರುವವರ ಸರದಿ ಮುಗಿದ ಮೇಲೆ,
ಹಿಂಬಾಗಿಲಿನಿಂದ ಕೊಟ್ರೇಶಿ ತಳ್ಳಿಕೊಂಡು ಬರುತ್ತಾನೆ.
ಸ್ಟ್ರೆಚರಿನ ಒಂದು ಚಕ್ರ ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟಿದ್ದಾನೆ,
ಮಲಗಿದವರಿಗೆ ಎಚ್ಚರಾಗದಿರಲಿ ಅಂತ.
ಯಾರಿಗೆ ಅಂತ ನಾನು ಕೇಳಿಲ್ಲ.

ಭದ್ರಾ ನಾಲೆಯಲ್ಲಿ, ಶಾಮನೂರಿನಾಚೆ, ತೂಬಿನ ಜಾಲರಿಗೆ ಸಿಕ್ಕವನು.
ಗಂಡಸು. ನಲವತ್ತರಿಂದ ಐವತ್ತು.
ಹೆಸರಿನ ಜಾಗದಲ್ಲಿ ದಫೇದಾರ್ ಹಾಲಸ್ವಾಮಿಯವರ ದುಂಡಗಿನ ಅಕ್ಷರ:
ಅಪರಿಚಿತ ಹದಿನೇಳು.
ಮುಖ ಹೇಗಿತ್ತೆಂದು ಮೀನುಗಳನ್ನು ಕೇಳಬೇಕು.

ಮೇಜು ಬಳೆಯೊಳಗೆ ಸರಿಯಿತು.
ಯಂತ್ರ ಮಾತಾಡಿತು, ನನ್ನದೇ ದನಿಯಲ್ಲಿ
(ಎಂಜಿನಿಯರ್ ಮೈಕು ಹಿಡಿದು, ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ಮೇಡಂ
ಎಂದ ದಿನ ನನಗೆ ನೆಗಡಿಯಾಗಿತ್ತು):
ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಅಲ್ಲಾಡಬೇಡಿ.

ಅಲ್ಲಾಡಲಿಲ್ಲ.
ಹೇಳಿದ ಮಾತು ಇಷ್ಟು ಕೇಳಿದವರನ್ನು ನಾನು ಕಂಡಿಲ್ಲ.

ತಲೆ ಎಂಟುನೂರು ಹೋಳಾಗಿ ಪರದೆಗೆ ಬಂತು,
ಒಂದು ಹನಿ ಚೆಲ್ಲದೆ.
ಡಾಕ್ಟರ್ ವಿಶಾಲಾಕ್ಷಿ ಹೋಳುಗಳನ್ನು ಮತ್ತೆ ಬುರುಡೆ ಮಾಡಿ
ಮೂಳೆಯ ಮೇಲೆ ಸಣ್ಣ ಗೂಟ ನೆಡುತ್ತ ಹೋದರು:
ಹಣೆಗೆ ನಾಲ್ಕೂವರೆ ಮಿಲಿಮೀಟರ್ ಮಾಂಸ, ಗದ್ದಕ್ಕೆ ಹತ್ತು.
ಎಲ್ಲ ಸರಾಸರಿ. ಯಾರ ಸರಾಸರಿ?
ಎಲ್ಲಿನವರೋ, ಮಂಡಕ್ಕಿ ಮಿರ್ಚಿ ಕಾಣದವರು.
ಮೂಗಿನ ತುದಿ ಎಲುಬಿಗೆ ಗೊತ್ತಿಲ್ಲ. ಕಿವಿ ಗೊತ್ತಿಲ್ಲ.
ಮೀಸೆ ಬಿಟ್ಟಿದ್ದನೋ, ಗೊತ್ತಿಲ್ಲ.
ಹೆಣ್ಣು ನೋಡಿ ಬಂದವರ ಹಾಗೆ ಕಂಪ್ಯೂಟರ್
ಕಾಣದ್ದನ್ನೂ ಸೇರಿಸಿ ಹೇಳುತ್ತದೆ.

ಬೆಳಗಿನ ಜಾವ ಬೂದುಬಣ್ಣದ ಮನುಷ್ಯನೊಬ್ಬ ಪರದೆಯಲ್ಲಿ ಕೂತಿದ್ದ.
ಹುಬ್ಬಿಲ್ಲ, ಕೂದಲಿಲ್ಲ, ಯಾರ ಮೇಲೂ ಸಿಟ್ಟಿಲ್ಲ.
ನಮ್ಮ ಷಡ್ಕನಂಗೇ ಅದಾನೆ, ಅಂದ ಕೊಟ್ರೇಶಿ.
ಷಡ್ಕ ಗೇಟಿನ ಹೊರಗೆ ಟೀ ಸೋಸುತ್ತಿದ್ದ.

ಬಸ್‌ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದರು, ಮಂಡಕ್ಕಿ ಭಟ್ಟಿಗಳ ಗೋಡೆಗೂ.
ಏಳು ಮನೆಯವರು ಬಂದರು.
ಆರು ಮನೆಯವರು ಹಗುರಾಗಿ ಹೋದರು, ಒಬ್ಬ ಮುದುಕನಂತೂ
ಎಲ್ಲರಿಗೂ ಬಾಳೆಹಣ್ಣು ಕೊಟ್ಟು ಹೋದ.

ಭಾಷಾನಗರದ ಖೈರುನ್ನೀಸಾ ಮೂರು ಸಲ ಅಂದಳು:
ಇವ್ರಲ್ಲ. ಇವ್ರಲ್ಲ. ಅಲ್ಲ.
ಎದ್ದು ನಿಂತವಳು, ಬೂದು ಗದ್ದದ ಮೇಲೆ ಬೆರಳಿಟ್ಟು,
ಇಲ್ಲೊಂದು ಕಲೆ ಹಾಕಿ ನೋಡ್ರಿ, ಅಂದಳು.

ಮೌಸಿನ ಮೇಲೆ ಡಾಕ್ಟರ ಕೈ ನಿಂತುಬಿಟ್ಟಿತು.
ಹಾಕಲಿಲ್ಲ.
ಕೇಳಿದ ಕಲೆಗಳನ್ನೆಲ್ಲ ಹಾಕುತ್ತ ಹೋದರೆ
ಯಾರಾದರೂ ಯಾರ ಗಂಡನಾದರೂ ಆಗಬಹುದು.
ಬದಲಿಗೆ ಕೇಳಿದರು: ಅವರ ತಲೆಯ ಎಕ್ಸ್‌ರೇ ಯಾವಾಗಾದರೂ?

ಸಂಜೆ ತಂದಳು, ದುಪಟ್ಟಾದಲ್ಲಿ ಸುತ್ತಿ.
ಗ್ರಹಣ ನೋಡಲು ಮಕ್ಕಳು ಅದರ ದವಡೆ ಕತ್ತರಿಸಿಕೊಂಡಿದ್ದರು.
ಹಣೆ ಉಳಿದಿತ್ತು.
ಹುಬ್ಬಿನ ಮೇಲೆ ಮೂಳೆಯೊಳಗೊಂದು ಗಾಳಿಯ ಗೂಡು ಇರುತ್ತದೆ.
ಒಬ್ಬರದರ ಅಂಚು ಇನ್ನೊಬ್ಬರಿಗಿಲ್ಲ.
ಇವನದು ಎಡಕ್ಕೆ ಮೂರು ಎಸಳು, ಬಲಕ್ಕೆ ಅರ್ಧ.
ಹದಿನೇಳರದೂ.

ನಾನು ನೋಡುತ್ತಿದ್ದುದು ಆ ಮೂಲೆಯನ್ನು.
ಇದು ಬಲಗಡೆ ಎಂದು ತೋರಿಸುವ ಸೀಸದ ಅಕ್ಷರ,
ಒಂದು ಕಾಲು ಮುರಿದದ್ದು.
ಅದು ಈಗಲೂ ನನ್ನ ಡ್ರಾಯರಿನಲ್ಲಿದೆ.
ಹನ್ನೊಂದು ವರ್ಷದ ಹಿಂದೆ, ತಲೆನೋವೆಂದು ಬಂದ ಭಟ್ಟಿಯವನೊಬ್ಬನಿಗೆ
ಹಣೆ ಇಲ್ಲಿ ಒತ್ತಿ, ಅಲ್ಲಾಡಬೇಡಿ ಎಂದಿದ್ದೆ,
ಆಗ ಬಾಯಿಂದಲೇ.
ತಲೆಯಲ್ಲಿ ಮಂಡಕ್ಕಿಯ ಹೊಟ್ಟು ಇದ್ದಿರಬೇಕು.
ನೆನಪಿಲ್ಲ.

ಹಾಲಸ್ವಾಮಿ ಹದಿನೇಳನ್ನು ಹೊಡೆದು ಬರೆದರು: ಚಮನ್‌ಸಾಬ್.
ಬೂದು ಮುಖದ ಹಾಳೆ ಅವಳಿಗೆ ಬೇಡವಂತೆ.
ಫಿಲಂ ವಾಪಸ್ ಕೊಡ್ರಿ, ಅಂದಳು.
ಅದು ಕೇಸಿನ ದಾಖಲೆ ಕಣಮ್ಮ, ಅಂದರು ಅವರು
ನೆಲ ನೋಡುತ್ತ.

ರಾತ್ರಿ ಹೊಟ್ಟೆನೋವಿನ ಹುಡುಗನೊಬ್ಬ ಮಲಗಿದ.
ನೆಗಡಿಯ ದನಿ ಹಿಡಿದುಕೊಳ್ಳಿ ಎಂದಿತು,
ಹುಡುಗ ಕೆನ್ನೆ ಉಬ್ಬಿಸಿದ.
ಎಂಟು ಸೆಕೆಂಡು.
ಈಗ ಬಿಡಿ, ಎಂದಿತು.

ಆ ರಾತ್ರಿ ಅವನಿಗೂ ಅಂದಿರಬೇಕು.
ನಾನು ಕೇಳಿಸಿಕೊಂಡಿರಲಿಲ್ಲ.